ಸೆರಗಿನ ತುದಿಯ ಒಂದು ಗಂಟು

ವಿಜಯಪುರದ ಕಡೆಯ ನಮ್ಮೂರಿನ ಮಠದಲ್ಲಿ ಶ್ರಾವಣ ಬಂತೆಂದರೆ ತಿಂಗಳಿಡೀ ಪುರಾಣ. ರಾತ್ರಿ ಊಟ ಮುಗಿಸಿ ಎಂಟರ ಸುಮಾರಿಗೆ ಜನ ಸೇರುತ್ತಿದ್ದರು. ನಮ್ಮ ಆಯಿ ಎಡಗಡೆಯ ಎರಡನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಳೆಂದರೆ ಮಂಗಲವಾಗುವ ತನಕ ಅಲ್ಲಾಡುತ್ತಿರಲಿಲ್ಲ. ಓದು ಬರಹ ಬಾರದವಳು. ಮಠದ ಸ್ವಾಮಿಗಳಾದ ಅಜ್ಜಾರು ಹೇಳಿದ್ದರಲ್ಲಿ ಯಾವುದಾದರೂ ಮಾತು ನಾಟಿದರೆ ಇಲಕಲ್ ಸೀರೆಯ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದಳು. ದಿನಕ್ಕೆ ಒಂದೇ ಗಂಟು.

"ಎರಡ ಗಂಟ ಹಾಕ್ಕೊಂಡ್ರ ಯಾವುದು ಯಾತಕ್ಕ ಹಾಕಿದ್ದು ಅಂತ ಮನಿಗೆ ಬರೂದ್ರಾಗ ಮರತ ಹೋಗತೈತಿ" ಅನ್ನುತ್ತಿದ್ದಳು.

ನಾನು ಆಗ ಕಾಲೇಜು ಹುಡುಗ, 200 ಪುಟದ ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ಉಪಕಥೆ, ಶ್ಲೋಕದ ಅರ್ಥ, ಉಪಮೆ ಒಂದನ್ನೂ ಬಿಡದೆ ಗೀಚಿಕೊಳ್ಳುತ್ತಿದ್ದೆ. ಒಂದು ರಾತ್ರಿ ಕ್ಷಮೆಯ ಬಗ್ಗೆ ಎರಡು ಪುಟ ಬರೆದುಕೊಂಡು ಹೊರಗೆ ಬಂದೆ. ನನ್ನ ಚಪ್ಪಲಿಯ ಮೇಲೆ ಯಾರೋ ಕಾಲಿಟ್ಟು ಬಾರು ಕಿತ್ತಿದ್ದರು. ಮಠದ ಬಾಗಿಲಲ್ಲೇ ಆ ಮನುಷ್ಯನ ಜೊತೆ ಜಗಳಕ್ಕೆ ನಿಂತೆ. ಕಂಕುಳಲ್ಲಿ ನೋಟ್‌ಬುಕ್ ಇತ್ತು.

ಮನೆಗೆ ಬರುವ ದಾರಿಯಲ್ಲಿ ಆಯಿ ಕೇಳಿದಳು, "ಇವತ್ತ ಅಜ್ಜಾರು ಏನ ಹೇಳಿದ್ರು?"

"ಭಾಳ ಚಲೋ ಹೇಳಿದ್ರು ಆಯಿ."

"ಚಲೋ ಹೇಳಿದ್ದು ಖರೆ. ಏನ ಹೇಳಿದ್ರು ಅಂತ ಕೇಳಿದೆ."

ನೋಟ್‌ಬುಕ್ ತೆರೆಯದೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂಬ ಗಾದೆಯನ್ನು ನಾವು ಹೇಳುವವನ ತಲೆಗೇ ಕಟ್ಟುತ್ತೇವೆ. ಕೇಳುವವನೂ ಅದೇ ಬದನೆಕಾಯಿ ತಿಂದುಕೊಂಡೇ ಬಂದಿದ್ದಾನೆ. ಈಗಂತೂ ಪ್ರವಚನಕ್ಕೆ ಬರವಿಲ್ಲ. ಮಠದಲ್ಲಿ, ಬಡಾವಣೆಯ ರಾಮಮಂದಿರದಲ್ಲಿ, ಬೆಳಗಿನ ಟೀವಿಯಲ್ಲಿ, ಜೇಬಿನ ಫೋನಿನಲ್ಲಿ ಎಲ್ಲೆಲ್ಲೂ ಇದೆ. ಇಪ್ಪತ್ತು ವರ್ಷ ಕೇಳಿದವರ ಮನೆಯಲ್ಲೂ ಸಿಟ್ಟು, ಸುಳ್ಳು, ಹೊಟ್ಟೆಕಿಚ್ಚು ಇದ್ದಲ್ಲೇ ಇವೆ. ಕೇಳಿದ್ದು ಕೈಗೆ ಇಳಿಯಬೇಕಾದರೆ ಏನು ಮಾಡಬೇಕೆಂಬುದನ್ನು ನನ್ನ ಸೋಲುಗಳನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಪಾತ್ರೆ ಹಿಡಿದು ಹೋಗುತ್ತೀರಿ?

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಕುಶಾಲನಗರಕ್ಕೆ ಪ್ರವಾಸ ಹೋದವರೆಲ್ಲ ಅಲ್ಲಿಯ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧರನ್ನು ನೋಡಿ, ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಬರುತ್ತಾರೆ. ಟಿಬೆಟಿಯನ್ನರ ಪರಂಪರೆಯಲ್ಲಿ ಬೋಧನೆ ಕೇಳುವುದು ಹೇಗೆಂಬುದೇ ಒಂದು ಪಾಠ. ಅವರ ಗುರು ತ್ಸೊಂಗ್‌ಖಾಪ 1402ರಲ್ಲಿ ಬರೆದು ಮುಗಿಸಿದ ದೊಡ್ಡ ಗ್ರಂಥವೂ ಸಾಧನೆಯ ಮೆಟ್ಟಿಲುಗಳಿಗೆ ಕೈ ಹಾಕುವ ಮುಂಚೆ ಕೇಳುವ ಕ್ರಮವನ್ನು ವಿವರಿಸುತ್ತದೆ. ಕೇಳುಗನನ್ನು ಅವರು ಪಾತ್ರೆಗೆ ಹೋಲಿಸುತ್ತಾರೆ, ಆ ಪಾತ್ರೆಗೆ ಮೂರು ದೋಷಗಳನ್ನು ಹೇಳುತ್ತಾರೆ. ಬೋರಲು ಹಾಕಿದ ಪಾತ್ರೆಯೊಳಗೆ ಏನೂ ಬೀಳದು. ತಳ ತೂತಾದದ್ದರಲ್ಲಿ ಬಿದ್ದದ್ದು ನಿಲ್ಲದು. ಒಳಗೆ ಕೊಳೆ ಇದ್ದರೆ ನಿಂತರೂ ಕೆಡುತ್ತದೆ.

ಮೊದಲಿನ ಎರಡು ಎಲ್ಲರಿಗೂ ಗೊತ್ತು. ಸಭೆಯಲ್ಲಿ ಕೂತು ಫೋನ್ ತಿಕ್ಕುವವನದು ಬೋರಲು ಪಾತ್ರೆ, ನನ್ನ ನೋಟ್‌ಬುಕ್ಕಿನದು ತೂತು ಪಾತ್ರೆ. ಮೂರನೆಯದೇ ನಯವಂಚಕ. ನಿನ್ನೆಯ ಹುಳಿ ಉಳಿದ ಪಾತ್ರೆಗೆ ಹಾಲು ಹಾಕಿಸಿಕೊಂಡರೆ ಒಡೆಯುವುದು ಹಾಲಿನ ತಪ್ಪೇ? ಪ್ರವಚನದಲ್ಲಿ ಅಹಂಕಾರದ ಮಾತು ಬಂದ ಕೂಡಲೇ "ಇದನ್ನು ನಮ್ಮ ಅಣ್ಣ ಕೇಳಬೇಕಾಗಿತ್ತು" ಅನ್ನಿಸುತ್ತದಲ್ಲ, ಅದೇ ಹುಳಿ. ಈಗಿನ ಹುಳಿ ಇನ್ನೂ ಜೋರು: ಆ ತುಣುಕನ್ನೇ ಕತ್ತರಿಸಿ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಅದು ನಾದಿನಿಗೆ ತಾಗಲಿ ಎಂದು ಕಾಯುವುದು. ಹಾಗೆ ಮಾಡಿದ ದಿನ ನಾವು ಕೇಳಿಲ್ಲ, ಕಲ್ಲು ಆಯ್ದುಕೊಂಡಿದ್ದೇವೆ.

ಆ ಪರಂಪರೆಯೇ ಹೇಳುವ ಮದ್ದು ಸರಳವಾಗಿದೆ. ನಾನು ರೋಗಿ, ಹೇಳುವವರು ವೈದ್ಯರು, ಮಾತು ಔಷಧ ಎಂದುಕೊಂಡು ಕೂರಬೇಕು. ಆಸ್ಪತ್ರೆಯಲ್ಲಿ ನಮ್ಮ ಚೀಟಿ ಹಿಡಿದು ಕೂತಾಗ ಪಕ್ಕದವನಿಗೆ ಯಾವ ಮಾತ್ರೆ ಬರೆದರೆಂದು ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆಗೆ ಬಂದು ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿಯುವುದೂ ಇಲ್ಲ.

ಜೈನರಲ್ಲಿ ಗೃಹಸ್ಥನ ಹೆಸರೇ ಶ್ರಾವಕ. ಕೇಳುವವನು ಎಂದರ್ಥ. ಮನೆವಾರ್ತೆ ಮಾಡಿಕೊಂಡಿರುವವನ ಮೊದಲ ಧರ್ಮವೇ ಕೇಳುವುದಾದರೆ ಅದೂ ಕಲಿಯಬೇಕಾದ ಕೆಲಸವೇ ಇರಬೇಕು.

ಹೋಗುವ ಮುಂಚೆ, ಕೂತಾಗ

ಹತ್ತು ಕಡೆ ಹತ್ತು ಸಲ ಹೋಗುವುದಕ್ಕಿಂತ ಒಂದೇ ಸರಣಿಯನ್ನು ಮೊದಲ ದಿನದಿಂದ ಕಡೆಯ ದಿನದವರೆಗೆ ಕೇಳಿ. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯ, ಒಬ್ಬ ವಚನಕಾರ, ಒಂದು ಉಪನಿಷತ್ತು, ಯಾವುದಾದರೂ ಸರಿ. ಬಿಡಿಬಿಡಿಯಾಗಿ ಕೇಳಿದಾಗ ಉಪಕಥೆ ಮಾತ್ರ ನೆನಪಿರುತ್ತದೆ, ಯಾವುದರ ಸಲುವಾಗಿ ಆ ಕಥೆ ಬಂತೆಂಬುದು ಹಾರಿಹೋಗುತ್ತದೆ. ರಾಮಾಯಣವೆಲ್ಲ ಕೇಳಿ ಸೀತೆಗೂ ರಾಮನಿಗೂ ಏನು ಸಂಬಂಧ ಎಂದವನ ಕಥೆ ಹೀಗೇ ಆಗಿರಬೇಕು.

ಹೊಟ್ಟೆ ಬಿರಿಯ ಉಂಡು ಹೋಗಬೇಡಿ. ಸ್ಪೀಕರ್‌ನಿಂದ ದೂರ ಕೂರಿ. ಕಿವಿ ಮಂದವಾದವರನ್ನು ಸ್ಪೀಕರ್ ಬುಡಕ್ಕೇ ಕೂರಿಸುವ ರೂಢಿ ನಮ್ಮಲ್ಲಿದೆ, ಅಲ್ಲಿ ಸದ್ದು ಗುಂಯ್ ಅನ್ನುತ್ತದೆಯೇ ಹೊರತು ಮಾತು ಬಿಡಿಸಿ ಕೇಳುವುದಿಲ್ಲ. ಹೇಳುವವರ ಮುಖ ಕಾಣುವ ಹಾಗೆ ಕೂರಿಸಿದರೆ ಅವರಿಗೆ ಅನುಕೂಲ. ಫೋನ್ ಮನೆಯಲ್ಲಿ ಬಿಟ್ಟು ಬಂದರೆ ಒಳ್ಳೆಯದು, ಆಗದಿದ್ದರೆ ಚೀಲದ ತಳಕ್ಕೆ ಹಾಕಿ. ಕೂತಿರುವಾಗ ಬರೆಯಲೇಬೇಡಿ ಎಂದು ನನ್ನ ಅಭಿಪ್ರಾಯ. ಬರೆಯುವ ಕೈ ಹಿಂದಿನ ವಾಕ್ಯದಲ್ಲಿರುತ್ತದೆ, ಹೇಳುವವರು ಮುಂದಿನದಕ್ಕೆ ಹೋಗಿರುತ್ತಾರೆ.

ಅರ್ಥವಾಗದಿದ್ದರೆ ಸುಮ್ಮನೆ ತಲೆ ಆಡಿಸಬೇಡಿ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಹೆಂಡತಿ ಮೈತ್ರೇಯಿಗೆ ಶ್ರವಣ, ಮನನ, ನಿದಿಧ್ಯಾಸನದ ದಾರಿ ತೋರಿಸುತ್ತಾನಲ್ಲ, ಅದೇ ಸಂವಾದದಲ್ಲಿ ಮೈತ್ರೇಯಿ, ನೀವು ಹೇಳಿದ್ದರಿಂದ ನನಗೆ ಗೊಂದಲವಾಯಿತು ಎಂದು ಮುಖಕ್ಕೇ ಹೇಳುತ್ತಾಳೆ. ಅವನು ಸಿಟ್ಟಾಗದೆ ಬಿಡಿಸಿ ಹೇಳುತ್ತಾನೆ. ಗೀತೆಯ ಮೂರನೆಯ ಅಧ್ಯಾಯ ಶುರುವಾಗುವುದೂ ಅರ್ಜುನನ ಇಂಥದೇ ತಕರಾರಿನಿಂದ. ಮನನ ಎಂದರೆ ಮೆಲುಕು ಹಾಕುವುದಷ್ಟೇ ಎಂದು ನಾವು ತಿಳಿದಿದ್ದೇವೆ. ವೇದಾಂತಿಗಳ ಲೆಕ್ಕದಲ್ಲಿ ಕೇಳಿದ್ದರ ಮೇಲೆ ಏಳುವ ಸಂಶಯಗಳನ್ನು ಯುಕ್ತಿಯಿಂದ ಬಗೆಹರಿಸಿಕೊಳ್ಳುವುದು ಮನನ. ಸಂಶಯವೇ ಏಳದಿದ್ದರೆ ಬಗೆಹರಿಸಿಕೊಳ್ಳಲು ಏನಿದೆ? ಪ್ರವಚನ ಮುಗಿದ ಮೇಲೆ ಪಾದ ಮುಟ್ಟಲು ಸಾಲು ನಿಲ್ಲುತ್ತೇವೆ, ಒಂದು ಪ್ರಶ್ನೆ ಕೇಳಲು ನಿಂತರೆ ಸಾಲು ಅಷ್ಟು ಉದ್ದವಿರದು.

ಮುಗಿದ ಮೇಲಿನ ಒಂದು ತಾಸು

ನನ್ನ ಅನುಭವದಲ್ಲಿ ಎಲ್ಲ ತೀರ್ಮಾನವಾಗುವುದು ಇಲ್ಲಿಯೇ. ಪ್ರಸಾದ, ಗದ್ದಲ, ಪಾರ್ಕಿಂಗಿನ ತಳ್ಳಾಟ, "ನಾಳೆ ಬರ್ತೀರಿಲ್ಲೋ" ಎಂಬ ಮಾತುಗಳಲ್ಲಿ ಈ ತಾಸು ಕರಗಿಹೋಗುತ್ತದೆ.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು, 1885ರಲ್ಲಿ ಪ್ರಕಟಿಸಿದ. ಮೊದಲ ತಾಸಿನಲ್ಲೇ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಮೂರರಲ್ಲಿ ಎರಡು ಪಾಲು ಸೋರಿಹೋಗಿತ್ತು. ಪ್ರವಚನ ಅರ್ಥವಿಲ್ಲದ ಅಕ್ಷರವಲ್ಲ ನಿಜ, ಅಷ್ಟು ಬೇಗ ಮರೆಯಲಿಕ್ಕಿಲ್ಲ. ಆದರೂ ಸೋರಿಕೆ ಹೆಚ್ಚು ಮೊದಲಿಗೇ ಎಂಬುದು ನೆನಪಿರಲಿ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಪುಟ ಮುಚ್ಚಿ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿಸಿಕೊಂಡವರು ಮುಂದೆ ಬಂದರು. "ಏನ ಹೇಳಿದ್ರು" ಎಂಬ ಆಯಿಯ ಪ್ರಶ್ನೆ ಮಾಡುತ್ತಿದ್ದ ಕೆಲಸ ಇದೇ. ಗೀತೆಯ ಕೊನೆಯಲ್ಲಿ ಕೃಷ್ಣನೂ ಅರ್ಜುನನನ್ನು ಮನಸ್ಸಿಟ್ಟು ಕೇಳಿದೆಯಾ, ಮೋಹ ಹೋಯಿತಾ ಎಂದು ವಿಚಾರಿಸದೆ ಬಿಡುವುದಿಲ್ಲ.

ಹಾಗಾಗಿ ಈ ತಾಸನ್ನು ಹೀಗೆ ಕಳೆಯಿರಿ. ನಡೆದು ಬರುವಷ್ಟು ದೂರವಿದ್ದರೆ ನಡೆದೇ ಬನ್ನಿ. ಜೊತೆಗಿದ್ದವರಿಗೆ ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಅಜ್ಜಾರ ಮಾತೇ ಬಾಯಿಗೆ ಬಂದರೆ ಇನ್ನೂ ಅರಗಿಲ್ಲ ಎಂದು ತಿಳಿಯಿರಿ. ಮನೆಗೆ ಬಂದು ಮಲಗುವ ಮುಂಚೆ ಮೂರು ಸಾಲು ಬರೆಯಿರಿ: ಏನು ಕೇಳಿದೆ, ನನಗೆಲ್ಲಿ ತಾಗಿತು, ನಾಳೆ ಯಾವ ಹೊತ್ತಿಗೆ ಏನು ಮಾಡುತ್ತೇನೆ. ಮೂರನೆಯ ಸಾಲು ಬರೆಯಲು ಆಗದಿದ್ದರೆ ಮೊದಲಿನ ಎರಡನ್ನು ಹೊಡೆದುಹಾಕಿದರೂ ನಷ್ಟವಿಲ್ಲ.

ಆ ಸಾಲು ದೊಡ್ಡದಾಗಿರಬಾರದು. "ಇನ್ನು ಮುಂದೆ ಸಿಟ್ಟು ಮಾಡುವುದಿಲ್ಲ" ಎಂದು ಬರೆದರೆ ಬೆಳಗಿನ ಎಂಟು ಗಂಟೆಗೇ ಅದು ಸತ್ತಿರುತ್ತದೆ. ಹೀಗೆ ಬರೆಯಿರಿ: "ಕುಕ್ಕರ್ ಸೀಟಿ ಹೊಡೆಯುವಾಗ ಮಗ ಸಾಕ್ಸ್ ಸಿಗಲಿಲ್ಲ ಎಂದು ಕೂಗಿದರೆ, ಮೊದಲು ಗ್ಯಾಸ್ ಆರಿಸುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ." ಇಂಥದು ಆದಾಗ ಇಂಥದು ಮಾಡುತ್ತೇನೆ ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಸಂಕಲ್ಪ ನಡೆಯುವ ಸಂಭವ ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರವಾಗಿ ಬರೆದಿದ್ದಾರೆ. ದಾನದ ಬಗ್ಗೆ ಕೇಳಿದರೆ ಯಾವ ವಾರ, ಯಾರಿಗೆ, ಎಷ್ಟು ಎಂದು ಬರೆಯಿರಿ. ಅಪರಿಗ್ರಹದ ಬಗ್ಗೆ ಕೇಳಿದರೆ ಬೀರುವಿನ ಯಾವ ಖಾನೆ ಖಾಲಿ ಮಾಡುತ್ತೇನೆ ಎಂದು ಬರೆಯಿರಿ.

ಸತ್ಯದ ಬಗ್ಗೆ ಕೇಳಿದ ಒಂದು ದಿನ ನಾನು ಆರಿಸಿಕೊಂಡದ್ದು ಫೋನಿನಲ್ಲಿ "ದಾರಿಯಾಗ ಅದೀನಿ" ಅನ್ನುವುದನ್ನು ಬಿಡುವುದು. ಸಾಬೂನು ಮೈಮೇಲಿರುವಾಗಲೂ ನಾನು ಆ ಮಾತು ಹೇಳಿದ್ದುಂಟು. ಸಣ್ಣ ಸುಳ್ಳು, ಯಾರಿಗೂ ಕೇಡಿಲ್ಲ ಅಂದುಕೊಂಡಿದ್ದೆ. ಬಿಡಲು ಹೋದಾಗಲೇ ಗೊತ್ತಾದದ್ದು, ದಿನಕ್ಕೆ ನಾಲ್ಕೈದು ಸಲ ಹೇಳುತ್ತಿದ್ದೇನೆಂದು. ಮೂರನೆಯ ದಿನವೇ ಮುರಿಯಿತು. ಆದರೆ "ಇನ್ನೂ ಮನೆಯಲ್ಲೇ ಇದ್ದೇನೆ, ಇಪ್ಪತ್ತು ನಿಮಿಷವಾಗುತ್ತದೆ" ಎಂದು ಹೇಳಿದ ಎರಡು ದಿನಗಳಲ್ಲಿ ಯಾರೂ ನನ್ನನ್ನು ಬೈಯಲಿಲ್ಲ ಎಂಬುದು ನನಗೇ ಸೋಜಿಗವಾಗಿತ್ತು.

ಎಷ್ಟು ದಿನ?

ಜನ್ಮಪೂರ್ತಿ ಎಂದು ಹಾರಿಬಿಡುವುದೇ ನಮ್ಮ ದೊಡ್ಡ ತಪ್ಪು. ಜೈನಾಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಈ ವಿಷಯದಲ್ಲಿ ತುಂಬಾ ವ್ಯವಹಾರಸ್ಥ ಗ್ರಂಥ. ಅದರಲ್ಲಿ ಯಮ ಬೇರೆ, ನಿಯಮ ಬೇರೆ. ಬದುಕಿರುವವರೆಗೆ ಹಿಡಿಯುವುದು ಯಮ, ಇಷ್ಟು ಕಾಲ ಎಂದು ಗಡುವು ಹಾಕಿಕೊಳ್ಳುವುದು ನಿಯಮ. ಆ ಗಡುವು ಒಂದು ಹಗಲೋ, ಒಂದು ರಾತ್ರಿಯೋ, ಒಂದು ಪಕ್ಷವೋ, ತಿಂಗಳೋ ಆಗಬಹುದು. ಸಂಸಾರಿಯ ತಾಕತ್ತನ್ನು ಬಲ್ಲವರು ಮಾಡಿದ ಏರ್ಪಾಡು ಇದು. ಸಾಮಾಯಿಕ ಎಂಬ ಜೈನರ ಧ್ಯಾನದ ಕೂರುವಿಕೆಗೂ 48 ನಿಮಿಷದ, ಅಂದರೆ ಒಂದು ಮುಹೂರ್ತದ ಅಳತೆಯಿದೆ.

ನಮ್ಮ ಕಡೆ ವ್ರತಕ್ಕೆ ಒಂದು ಮಂಡಲ, 48 ದಿನ ಎನ್ನುತ್ತಾರೆ. 21 ದಿನ ಮಾಡಿದರೆ ರೂಢಿಯಾಗುತ್ತದೆ ಎಂಬ ಮಾತು ಈಚೆಗೆ ಎಲ್ಲರ ಬಾಯಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಿನ ಅಂಕಿ (ಮಧ್ಯಾಂಕ) 66 ದಿನ ಬಂತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಲೆಕ್ಕ 254ರವರೆಗೆ ಹೋಯಿತು. ಅವರು ರೂಢಿ ಮಾಡಿಕೊಳ್ಳಲು ಹೊರಟದ್ದು ಊಟದ ಜೊತೆ ಹಣ್ಣು ತಿನ್ನುವಂಥ, ನೀರು ಕುಡಿಯುವಂಥ ಕೆಲಸಗಳನ್ನು. ಅತ್ತೆ ಸೊಸೆಯ ಮಾತಿಗೆ ಎಷ್ಟು ದಿನ ಬೇಕೋ ನೀವೇ ಊಹಿಸಿ. ಒಂದು ದಿನ ತಪ್ಪಿದರೆ ಅಂಥ ಹಾನಿಯೇನೂ ಆಗುವುದಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡ ಸಂಗತಿ. ವ್ರತ ಮುರಿಯಿತೆಂದು ಕೈಚೆಲ್ಲಿ ಕೂರುವವರಿಗೆ ಇದನ್ನು ಹೇಳಬೇಕು.

ಲೆಕ್ಕ ಇಡುವುದಕ್ಕೆ ನಾಚಿಕೆ ಬೇಡ. ಹೃಷೀಕೇಶದ ಸ್ವಾಮಿ ಶಿವಾನಂದರು ಶಿಷ್ಯರಿಗೆ ಆಧ್ಯಾತ್ಮಿಕ ದಿನಚರಿಯ ಹಾಳೆಯನ್ನೇ ತಯಾರಿಸಿ ಕೊಟ್ಟಿದ್ದರು. ಎಷ್ಟು ಗಂಟೆಗೆ ಎದ್ದೆ, ಎಷ್ಟು ಮಾಲೆ ಜಪ ಮಾಡಿದೆ ಎನ್ನುವುದರ ಜೊತೆಗೆ ಎಷ್ಟು ಸುಳ್ಳು ಹೇಳಿದೆ, ಎಷ್ಟು ಸಲ ಸಿಟ್ಟಾದೆ ಎಂಬ ಕಾಲಮ್ಮುಗಳೂ ಅದರಲ್ಲಿದ್ದವು. ನಮಗೆ ಅಷ್ಟು ಬೇಡ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಗೀಟು ಸಾಕು.

ಫೋನಿನಲ್ಲಿ ಕೇಳುವವರಿಗೆ

ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ಫೋನೇ ಮಠ. ಬೆಂಗಳೂರಿನ ಮೆಟ್ರೋದಲ್ಲಿ ನಿಂತವರಿಗೂ ಅಷ್ಟೇ. ಅದರಲ್ಲಿ ತಪ್ಪಿಲ್ಲ, ಮೂರು ವಿಷಯ ನೋಡಿಕೊಳ್ಳಿ. ವೇಗ ಒಂದೂವರೆಗೆ ಏರಿಸಬೇಡಿ, ಹೇಳುವವರು ನಡುವೆ ಬಿಡುವ ಮೌನವೂ ಕತ್ತರಿಸಿಹೋಗುತ್ತದೆ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವುದನ್ನು ನಿಲ್ಲಿಸಿಡಿ. ಹೊಸ ಮೂರು ಕೇಳುವ ಬದಲು ಹಳೆಯದೊಂದನ್ನೇ ಮೂರು ಸಲ ಕೇಳಿ. ನಿದ್ದೆ ಬರಲೆಂದು ಪ್ರವಚನ ಹಚ್ಚಿಕೊಳ್ಳುವವರೂ ಇದ್ದಾರೆ. ಅದು ನಿದ್ದೆಗೆ ಒಳ್ಳೆಯದು, ಅಷ್ಟೇ.

ಇನ್ನು ಹೇಳುವವರನ್ನು ಅಳೆಯುವ ಮಾತು. ಕೇಸಪುತ್ತ ಎಂಬ ಊರಿನ ಕಾಲಾಮ ಜನರಿಗೆ ಬುದ್ಧ ಹೇಳಿದ್ದರ ಸಾರ ಇಂದಿಗೂ ಒರೆಗಲ್ಲು: ಪರಂಪರೆಯೆಂದೋ, ಗ್ರಂಥದಲ್ಲಿದೆಯೆಂದೋ, ನಮ್ಮ ಗುರು ಹೇಳಿದರೆಂದೋ ಒಪ್ಪಬೇಡಿ, ಮಾಡಿದರೆ ಒಳಿತೋ ಕೆಡುಕೋ ಎಂದು ನೀವೇ ಕಂಡುಕೊಳ್ಳಿ. ಇದಕ್ಕೆ ನಾನು ಸ್ಪಷ್ಟವಾಗಿ ಸೇರಿಸುವುದು ಇಷ್ಟು: ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ ಎಂದರೆ ಎದ್ದು ಬನ್ನಿ. ಮನೆಯವರಿಗೆ ಹೇಳದೆ ದುಡ್ಡು ಕೊಡಿ ಎಂದರೆ, ಒಬ್ಬರೇ ಬನ್ನಿ ಎಂದರೆ, ಪ್ರಶ್ನೆ ಕೇಳಿದವರನ್ನು ಸಭೆಯಲ್ಲಿ ಹಂಗಿಸಿದರೆ ಎದ್ದು ಬನ್ನಿ. ಉಳಿದ ಸಣ್ಣಪುಟ್ಟ ಬದನೆಕಾಯಿಗಳನ್ನು ನಾನು ಕ್ಷಮಿಸುತ್ತೇನೆ. ಅವರೂ ನಮ್ಮ ಹಾಗೇ ಹೆಣಗುತ್ತಿರುವವರು.

ಹೇಳಿದ್ದನ್ನು ಉಟ್ಟುಕೊಂಡೇ ಓಡಾಡಿದವರನ್ನೂ ನಮ್ಮ ಜಿಲ್ಲೆ ನೋಡಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡಾಗ ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟದ್ದು ಹೊರಬಂತು. ಅವರ ಪ್ರವಚನಗಳನ್ನು ವರ್ಷಗಟ್ಟಲೆ ಕೇಳಿದ ಎಷ್ಟೋ ಜನರಿಗೆ ವಾಕ್ಯಗಳು ಮರೆತಿವೆ, ಜೇಬಿಲ್ಲದ ಅಂಗಿ ಮರೆತಿಲ್ಲ.

ಕೊನೆಗೆ ಆಯಿಯ ಗಂಟಿನ ಲೆಕ್ಕ ಹೇಳುವುದು ಉಳಿದಿದೆ. ಹಾಕಿದ ಗಂಟನ್ನು ಅವಳು ಮರುದಿನ ಆ ಕೆಲಸ ಮಾಡಿದ ಮೇಲೆ ಬಿಚ್ಚುತ್ತಿದ್ದಳು. ಹೊಲಕ್ಕೆ ಬರುವ ಆಳಿಗೆ ತಾನು ಉಣ್ಣುವ ಮೊದಲು ಬುತ್ತಿ ಕೊಡುವುದು, ಬೈದ ಸೊಸೆಯನ್ನು ಚಹಾಕ್ಕೆ ಕರೆಯುವುದು, ಇಂಥವು. ಒಂದು ಶ್ರಾವಣದಲ್ಲಿ ಮಾತ್ರ ಒಂದು ಗಂಟು ಹಾಗೇ ಉಳಿಯಿತು. ಅವಳ ತಂಗಿಯ ಜೊತೆ ಹೊಲದ ಬದುವಿನ ವ್ಯಾಜ್ಯವಾಗಿ ಒಂಬತ್ತು ವರ್ಷ ಮಾತಿರಲಿಲ್ಲ. ಬೆಳಿಗ್ಗೆ ಸೀರೆ ಬದಲಿಸುವಾಗ ಹಳೆಯ ಸೀರೆಯ ಸೆರಗಿನ ಗಂಟು ಬಿಚ್ಚಿ ಉಟ್ಟ ಸೀರೆಯ ಸೆರಗಿಗೆ ಮತ್ತೆ ಗಂಟು ಹಾಕುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

"ಇನ್ನೂ ಬಿಚ್ಚಿಲ್ಲೇನ ಆಯಿ?"

"ಇನ್ನೂ ಆಗವಲ್ದು" ಎಂದಳು.

ಮಹಾನವಮಿಯ ಹಿಂದಿನ ದಿನ ಅವಳು ಬೆಳಗಿನ ಬಸ್ಸಿಗೆ ತಂಗಿಯ ಊರಿಗೆ ಹೋದಳು. ಕೈಯಲ್ಲಿ ಕಡುಬಿನ ಡಬ್ಬಿಯಿತ್ತು. ಸಂಜೆ ಇಳಿದು ಬಂದಾಗ ಡಬ್ಬಿ ಖಾಲಿಯಿತ್ತು, ಸೆರಗಿನ ಗಂಟು ಇದ್ದೇ ಇತ್ತು. ಏನಾಯಿತೆಂದು ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಬೇರೆ ಸೀರೆ ಉಟ್ಟು, ಗಂಟು ಹಾಕಿಕೊಂಡು, ಮತ್ತೆ ಕಡುಬಿನ ಹಿಟ್ಟು ನಾದಲು ಕೂತಳು.